ಬೀದಿಗೆಲ್ಲ ಮನೆ ಕೊಡಿಸಿದ ಫ್ಲೂರೆಟ್

ಜನವರಿಯಿಂದ ಮಾರ್ಚ್‌ವರೆಗೆ ಫ್ಲೂರೆಟ್ ಜಂಗ್ರಾ ಯಾರದಾದರೂ ಮನೆಯ ಮುಂದೆ ನಿಂತು ತಲೆಯೆತ್ತಿ ಕಿಟಕಿ ನೋಡಿದಳೆಂದರೆ ಆ ಸಂಸಾರಕ್ಕೆ ಏನೋ ಕಾದಿದೆ ಎಂದು ನಮ್ಮ ಬೀದಿಯಲ್ಲಿ ನಂಬಿಕೆಯಿತ್ತು. ನನ್ನ ಹೆಂಡತಿ ಮುಗೆಟ್ ಅವಳು ಬರುವುದು ಕಂಡ ಕೂಡಲೇ ಪರದೆ ಎಳೆಯುತ್ತಿದ್ದಳು. ನಮ್ಮದು ಆಗಲೇ ಮೂವತ್ತೆಂಟು ವರ್ಷದ ದಾಂಪತ್ಯ. ಇನ್ನು ಬಿಟ್ಟು ಹೋಗುವುದಕ್ಕೆ ಇಬ್ಬರಿಗೂ ಮಂಡಿಯಲ್ಲಿ ಶಕ್ತಿಯಿರಲಿಲ್ಲ. ಆದರೂ ಎಳೆಯುತ್ತಿದ್ದಳು.

ಫ್ಲೂರೆಟ್ ಮಾಟಗಾತಿಯಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಒಬ್ಬಳಿಗೆ ನಾಲ್ಕೂವರೆ ಸಿಕ್ಕಿತ್ತು. ಇಬ್ಬರಾದ್ರೆ ಇಕ್ಕಟ್ಟು" ಎನ್ನುತ್ತಿದ್ದಳು. ನಾಲ್ಕೂವರೆ ಎಂದರೆ ನಾಲ್ಕು ಕೋಣೆ, ಅರ್ಧ ಬಚ್ಚಲು. ನಮ್ಮ ಮಾಂಟ್ರಿಯಲ್‌ನಲ್ಲಿ ಬಚ್ಚಲನ್ನು ಅರ್ಧ ಕೋಣೆ ಎಂದೇ ಎಣಿಸುವುದು. ಇಡೀ ಮನೆಯಲ್ಲಿ ಮನುಷ್ಯನಿಗೆ ನೆಮ್ಮದಿ ಸಿಗುವ ಒಂದೇ ಜಾಗಕ್ಕೆ ಯಾಕೆ ಅರ್ಧ ಬೆಲೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅವಳ ಹುಚ್ಚು ಒಂದೇ. ಮನೆ ಇಲ್ಲದವರಿಗೆ ಮನೆ ಹುಡುಕಿಕೊಡುವುದು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಮನೆ ಸಿಕ್ಕವರು ಒಂದು ಡಬ್ಬಿ ಜೋನಿಬೆಲ್ಲದ ಬಿಸ್ಕತ್ತು ತಂದುಕೊಟ್ಟರೆ ತೆಗೆದುಕೊಂಡು, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು.

ನಮ್ಮೂರಿನಲ್ಲಿ ಎಲ್ಲರ ಬಾಡಿಗೆ ಕರಾರೂ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಜುಲೈ ಒಂದರಂದು ಅರ್ಧ ಊರು ಇನ್ನರ್ಧ ಊರಿನ ಮನೆಗೆ ಹೋಗುತ್ತದೆ. ಈ ಪದ್ಧತಿ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಫ್ರಿಜ್ ಹೊತ್ತು ಸುರುಳಿ ಮೆಟ್ಟಿಲು ಇಳಿದವನಂತೂ ಅಲ್ಲ. ಇರುತ್ತೇವೋ ಬಿಡುತ್ತೇವೋ ಎಂದು ಮಾಲೀಕನಿಗೆ ಹೇಳುವುದು ಮಾರ್ಚ್ ಕೊನೆಯೊಳಗೆ. ಹಾಗಾಗಿ ನಮ್ಮೂರಿನ ಗಂಡಹೆಂಡಿರು ಬೇರೆಯಾಗಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಹಿಮ ಕರಗುವ ಮುಂಚೆಯೇ. ಫ್ಲೂರೆಟ್ ಅದನ್ನು ಅವರಿಗಿಂತ ಮೊದಲು ತಿಳಿದುಕೊಳ್ಳುತ್ತಿದ್ದಳು. ಕೋಟು ಹಾಕಿಕೊಳ್ಳದೆ ಚಳಿಯಲ್ಲಿ ಬಾಲ್ಕನಿಯಲ್ಲಿ ನಿಂತು ಸಿಗರೇಟು ಸೇದುವ ಗಂಡ, ಇದ್ದಕ್ಕಿದ್ದಂತೆ ಕೂದಲು ಮೋಟು ಮಾಡಿಸಿಕೊಂಡ ಹೆಂಡತಿ, ಒಂದು ನಾಯಿ ಇದ್ದ ಮನೆಗೆ ಬಂದ ಎರಡನೇ ನಾಯಿ. ಇಂಥವೆಲ್ಲ ಅವಳ ಲೆಕ್ಕದಲ್ಲಿ ಖಾಲಿಯಾಗಲಿರುವ ಮನೆಗಳು.

ನಾನು ಸುತ್ತಲಿನ ಬೀದಿಗಳಿಗೆಲ್ಲ ಅಂಚೆ ಹಂಚಿದವನು, ಮೂವತ್ತೊಂದು ವರ್ಷ. ದಿನಾ ಅವಳ ಬಾಗಿಲಲ್ಲಿ ನನ್ನನ್ನು ತಡೆಯುತ್ತಿದ್ದಳು.

"ರೊಸೇರ್, ಮೂಲೆಮನೆಗೆ ವಕೀಲರ ಕಾಗದ ಬಂತಾ?"

"ನಾನು ಸರ್ಕಾರಿ ನೌಕರ. ಬಾಯಿ ಬಿಡೋ ಹಾಗಿಲ್ಲ."

"ಬಾಯಿ ಬಿಡಬೇಡ ಮಾರಾಯ. ಸುಮ್ನೆ ಹಾಗೇ ನಿಂತ್ಕೋ, ಮುಖ ನೋಡ್ತೀನಿ."

ನಾನು ನಿಂತುಕೊಳ್ಳುತ್ತಿದ್ದೆ. "ಹೂಂ, ಬಂದಿದೆ" ಎಂದು ಅವಳೇ ಹೇಳಿಕೊಂಡು ಒಳಗೆ ಹೋಗುತ್ತಿದ್ದಳು. ಮೂವತ್ತೊಂದು ವರ್ಷ ನಾನು ಒಂದೇ ಒಂದು ಗುಟ್ಟು ಹೇಳಿಲ್ಲ. ನನ್ನ ಮುಖ ಏನು ಮಾಡಿತೋ ಅದಕ್ಕೆ ನಾನು ಜವಾಬ್ದಾರನಲ್ಲ.

ಅವಳಿಗೆ ಎರಡು ನಿಯಮಗಳಿದ್ದವು. ಬೀದಿಗೆ ಹೊಸಬರು ಬಂದಾಗ ನಾವೆಲ್ಲ ಹೆಸರು ಕೇಳುತ್ತೇವೆ, ಕೆಲಸ ಕೇಳುತ್ತೇವೆ. ಫ್ಲೂರೆಟ್ ನಮಸ್ಕಾರಕ್ಕೂ ಮೊದಲು, "ಎಲ್ಲಿಂದ ಬಂದ್ರಿ?" ಎನ್ನುತ್ತಿದ್ದಳು. ಒಬ್ಬ ಒಳಗೆ ಬಂದ ಎಂದರೆ ಎಲ್ಲೋ ಒಂದು ಕಡೆ ಹೊರಗೆ ಹೋಗಿರಲೇಬೇಕಲ್ಲ. ಅವರು ಮಂಚ ಇಳಿಸಿ ಮುಗಿಸುವಷ್ಟರಲ್ಲಿ ಅವರು ಬಿಟ್ಟುಬಂದ ಮನೆಗೆ ಇವಳು ಯಾರನ್ನೋ ಗೊತ್ತುಮಾಡಿರುತ್ತಿದ್ದಳು.

ಎರಡನೆಯದು, ಯಾರನ್ನೇ ಮಾಲೀಕರ ಹತ್ತಿರ ಕರೆದುಕೊಂಡು ಹೋಗಲಿ, ಅವರ ಒಂದು ದೋಷವನ್ನು ಅವರ ಮುಂದೆಯೇ ಹೇಳುತ್ತಿದ್ದಳು. "ಹುಡುಗ ಒಳ್ಳೆಯವನು. ತುತ್ತೂರಿ ಊದ್ತಾನೆ. ಆದ್ರೆ ಬೇಜಾರಾದಾಗ ಮಾತ್ರ." ಹಿಂದಿನ ಬೀದಿಯ ಮುದುಕಿ ಪೊಮೆರ್ಲೋಗೆ ಈ ನಿಯಮವೆಂದರೆ ಪಂಚಪ್ರಾಣ. ಆಕೆಗೆ ಎಂಬತ್ತಾರು, ಕಿವಿ ಕೇಳುವುದು ಅಷ್ಟಕ್ಕಷ್ಟೆ, ಮನೆ ಬಿಟ್ಟು ಕದಲುವವಳಲ್ಲ. ಒಮ್ಮೆ ಕಿಟಕಿಗೆ 'ಬಾಡಿಗೆಗಿದೆ' ಫಲಕ ಹಾಕಿದಾಗ ಅರವತ್ತು ಜನ ಬಂದು ಟೊಮೆಟೊ ಗಿಡಗಳನ್ನು ತುಳಿದುಹಾಕಿದ್ದರಂತೆ. ಅಲ್ಲಿಂದ ಮುಂದೆ ಫ್ಲೂರೆಟ್ ಕರೆತಂದವರಿಗೆ ಬಿಟ್ಟು ಬೇರೆಯವರಿಗೆ ಬಾಗಿಲು ತೆಗೆದದ್ದಿಲ್ಲ. ಪ್ರತಿ ಸಲವೂ ಮೂರೇ ಪ್ರಶ್ನೆ. ಎಷ್ಟು ಜನ, ಬಾಡಿಗೆ ಸರಿಯಾಗಿ ಕೊಡ್ತಾರಾ, ದೋಷ ಏನು.

ನಾನು ನಿವೃತ್ತನಾದ ಮರುವರ್ಷ, ಕ್ರಿಸ್‌ಮಸ್ಸಿಗೂ ಹೊಸವರ್ಷಕ್ಕೂ ನಡುವೆ, ಫ್ಲೂರೆಟ್‌ಳ ಮಾಲೀಕ ಒವೀಲಾ ಒಂದು ಕೈಯಲ್ಲಿ ಚಾಕೊಲೇಟ್ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಅವಳ ಬಾಗಿಲು ತಟ್ಟಿದ. ಆ ಕಾಗದ ಕೊಡಬೇಕಾದ್ದು ಡಿಸೆಂಬರ್ ಮೂವತ್ತೊಂದರೊಳಗೆ. ಮಾಲೀಕನ ಮಗ ಅಥವಾ ಮಗಳು ಬಂದು ಇರುವುದಾದರೆ ಬಾಡಿಗೆಯವರು ಜುಲೈಗೆ ಬಿಡಬೇಕು. ಕಾನೂನೇ ಹಾಗೆ. ಒವೀಲಾನ ಮಗ ಯಾನಿಕ್‌ನ ಹುಡುಗಿ ಬಸುರಿಯಾಗಿದ್ದಳು. ಅವರಿಗೆ ನಾಲ್ಕೂವರೆ ಬೇಕಿತ್ತು.

"ಮಗು ಬರ್ತಾ ಇದೆ ಫ್ಲೂರೆಟ್" ಎಂದನಂತೆ ಒವೀಲಾ.

"ಬರಲಿ. ನಾನು ಹೋಗ್ತೀನಿ" ಎಂದಳಂತೆ ಇವಳು. ಚಾಕೊಲೇಟ್ ಪೆಟ್ಟಿಗೆಯನ್ನು ಹಾಗೇ ಅವನ ಕೈಗೆ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡಳು. ಇಪ್ಪತ್ತೆರಡು ವರ್ಷ ಇದ್ದ ಮನೆ. ಅವಳು ಹುಟ್ಟಿದ್ದೂ ಅಲ್ಲಿಂದ ಎರಡು ಬೀದಿ ಆಚೆ.

ಸುದ್ದಿ ಬೀದಿಯ ತುದಿ ಮುಟ್ಟುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಎಲ್ಲರೂ ನಕ್ಕು ಸುಮ್ಮನಾದರು. ಫ್ಲೂರೆಟ್‌ಗೆ ಮನೆ ಸಿಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಆ ವರ್ಷ ಊರಿನಲ್ಲಿ ಮನೆಗಳಿಗೆ ಎಂಥ ಬರ ಬಂದಿತ್ತೆಂದರೆ, ನಗರದವರು ಮನೆ ಸಿಗದವರ ಸಾಮಾನಿಡಲು ಗೋದಾಮು ತೆರೆಯುವ ಮಾತಾಡುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಆ ಎರಡನ್ನೂ ಮಾಡಿದವನು ನಾನು, ಹೇಳುತ್ತೇನೆ ಕೇಳಿ: ಪಿಂಚಣಿಯಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ.

ಫ್ಲೂರೆಟ್ ಹೆದರಲಿಲ್ಲ. ಅವಳ ಕಣ್ಣು ಒಂದು ಮನೆಯ ಮೇಲಿತ್ತು. ನಮ್ಮ ಪಕ್ಕದ ಮನೆ, ಫೆರ್ನಾನ್ ಮತ್ತು ಗಿಲೆನ್ ದಂಪತಿಗಳದು. ಎಲ್ಲ ಲಕ್ಷಣಗಳೂ ಕೂಡಿಬಂದಿದ್ದವು. ಫೆರ್ನಾನ್ ಕೋಟಿಲ್ಲದೆ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ. ಗಿಲೆನ್ ಕೂದಲು ಕತ್ತರಿಸಿಕೊಂಡಿದ್ದಳು. ನಾಯಿಯೊಂದು ಬಾಕಿ.

"ಮಾರ್ಚಿಗೆ ಬೇರೆ ಆಗ್ತಾರೆ" ಎಂದು ಫ್ಲೂರೆಟ್ ನಮ್ಮ ಅಡುಗೆಮನೆಯಲ್ಲಿ ಕುಳಿತು ಬಟಾಣಿ ಸಾರು ಕುಡಿಯುತ್ತ ಹೇಳಿದಳು. "ಗಿಲೆನ್ ಅಕ್ಕನ ಮನೆಗೆ ಹೋಗ್ತಾಳೆ. ಅವನೊಬ್ಬನಿಗೆ ಅಷ್ಟು ಬಾಡಿಗೆ ಕಟ್ಟೋಕಾಗಲ್ಲ. ಕರಾರು ನನ್ನ ಹೆಸರಿಗೆ ಬರ್ಕೊಡ್ತಾನೆ, ಬಾಡಿಗೆ ಏರೋದಿಲ್ಲ."

"ನಾಚ್ಕೆ ಆಗಲ್ವೇನೇ ನಿಂಗೆ?" ಎಂದಳು ಮುಗೆಟ್. "ಬೇರೆಯವರ ಸಂಸಾರ ಒಡೀಲಿ ಅಂತ ಕಾಯ್ತಾ ಕೂತಿದ್ದೀಯ."

"ನಾನೇನು ಒಡೀತಿಲ್ಲ. ಒಡೆದ ಮೇಲೆ ಗುಡಿಸೋಳು ನಾನು."

ಹೀಗೆ ಅವಳು ಆ ಚಳಿಗಾಲವಿಡೀ ಬೇರೆ ಮನೆ ನೋಡಲಿಲ್ಲ. ಸಹಾಯ ಕೇಳಿಕೊಂಡು ಬಂದವರಿಗೆಲ್ಲ, "ಈ ವರ್ಷ ಅಂಗಡಿ ಮುಚ್ಚಿದೆ" ಎಂದು ಹೇಳಿಬಿಟ್ಟಳು. ಯಾರ ಬಾಗಿಲಿಗೂ ಹೋಗಲಿಲ್ಲ.

ಮಾರ್ಚಿನ ಎರಡನೇ ವಾರ ಅವಳ ಅಡುಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆ ಸೋರುತ್ತಿದೆ ಎಂದು ನನ್ನನ್ನು ಕರೆದಳು. ಒವೀಲಾನನ್ನು ಕರೆಯಬಹುದಿತ್ತು. ಅವನ ಮುಖ ನೋಡುವುದಕ್ಕಿಂತ ನೀರಿನಲ್ಲಿ ಮುಳುಗುವುದೇ ವಾಸಿ ಎಂದಳು. ನಾನು ತೊಟ್ಟಿಯ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿ ಕೊಳವೆಯ ಜೊತೆ ಗುದ್ದಾಡುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಗಿಲೆನ್ ಅಳುತ್ತ ಒಳಗೆ ಬಂದಳು. ಹೊರಗೆ ಚಾಚಿದ್ದ ನನ್ನ ಎರಡು ಕಾಲುಗಳನ್ನು ಅವಳು ದಾಟಿಕೊಂಡೇ ಹೋಗಿ ಕುರ್ಚಿಯಲ್ಲಿ ಕುಳಿತಳು. ಗಂಡಸು ಅಡುಗೆಮನೆಯ ನೆಲದ ಮೇಲೆ ಮಲಗಿದ್ದರೆ ಹೆಂಗಸರಿಗೆ ಅವನೊಂದು ಸಾಮಾನು, ಅಷ್ಟೆ.

"ಹನ್ನೊಂದು ದಿನ ಆಯ್ತು ಫ್ಲೂರೆಟ್, ನಮ್ಮಿಬ್ಬರಿಗೂ ಮಾತಿಲ್ಲ" ಎಂದಳು ಗಿಲೆನ್. "ಈ ತಿಂಗಳೊಳಗೆ ಮಾಲೀಕನಿಗೆ ಹೇಳ್ಬೇಕು. ಬಿಟ್ಟುಬಿಡ್ಲಾ?"

ನಾನು ತೊಟ್ಟಿಯ ಕೆಳಗೆ ಉಸಿರು ಬಿಗಿಹಿಡಿದೆ. ಫ್ಲೂರೆಟ್ 'ಬಿಡು' ಎಂದು ಒಂದು ಮಾತು ಅಂದರೆ ಸಾಕು, ಮನೆ ಅವಳದು.

"ಜಗಳ ಯಾತಕ್ಕೆ?" ಎಂದಳು ಫ್ಲೂರೆಟ್.

"ಮೀನಿಗೆ."

"ಯಾವ ಮೀನು?"

"ಗಾಳಕ್ಕೆ ಹಾಕ್ತಾನಲ್ಲ, ಆ ಪುಟ್ಟ ಮೀನು. ಹಿಮದ ಮೇಲೆ ಕೂತು ಮೀನು ಹಿಡಿಯೋ ಹುಚ್ಚು ಅವನಿಗೆ. ನಾನೂರು ಜೀವಂತ ಮೀನು ತಂದು ಸ್ನಾನದ ತೊಟ್ಟಿಗೆ ಬಿಟ್ಟಿದ್ದಾನೆ. ಜನವರಿಯಿಂದ ನಾನು ಅಕ್ಕನ ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬರ್ತಿದ್ದೀನಿ. ಕೂದಲು ಯಾಕೆ ಮೋಟು ಮಾಡಿಸ್ದೆ ಅಂದ್ಕೊಂಡೆ? ಬಸ್ಸಲ್ಲಿ ಬರೋವಾಗ ಒದ್ದೆಕೂದಲು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತೆ. ತೆಗಿ ಅಂದ್ರೆ, ಮನೇಲಿ ಸಿಗರೇಟು ಸೇದಬೇಡ ಅಂದೆ, ಹೊರಗೆ ಹೋದೆ, ಈಗ ಮೀನೂ ಬೇಡ ಅಂತೀಯಾ ಅಂದ. ಅವತ್ತಿಂದ ಮಾತಿಲ್ಲ."

ನನ್ನ ಹಣೆಗೆ ನೀರು ತೊಟ್ಟಿಕ್ಕುತ್ತಿತ್ತು.

"ಬೆಳಿಗ್ಗೆ ಕಾಫಿ ಯಾರು ಮಾಡೋದು?" ಎಂದಳು ಫ್ಲೂರೆಟ್.

"ಅವನೇ. ನಾನು ಏಳೋ ಮುಂಚೆ ಮಾಡಿ ಮೇಜಿನ ಮೇಲೆ ಇಟ್ಟುಹೋಗಿರ್ತಾನೆ."

"ಈ ಹನ್ನೊಂದು ದಿನವೂ?"

"ಹೂಂ."

"ಸಕ್ಕರೆ?"

"ಎರಡು ಚಮಚ. ಹಾಕಿರ್ತಾನೆ. ಅವನು ಹಾಕ್ಕೊಳಲ್ಲ, ನನ್ನದಕ್ಕೆ ಹಾಕಿರ್ತಾನೆ."

ನಾನಾಗಿದ್ದರೆ ಏನು ಹೇಳುತ್ತಿದ್ದೆನೋ ದೇವರಿಗೇ ಗೊತ್ತು. ಅರವತ್ತಾರು ವರ್ಷದ ಒಂಟಿ ಹೆಂಗಸು, ಕೈಯಲ್ಲಿ ಕಾಗದ, ಎದುರಿಗೆ ಮನೆ. ಕೊನೆಗೆ ಫ್ಲೂರೆಟ್ ದೊಡ್ಡದಾಗಿ ಉಸಿರು ಬಿಟ್ಟಳು.

"ಗಿಲೆನ್, ನಿಂಗೆ ಬೇರೆ ಮನೆ ಬೇಡ. ಆ ಮೀನಿಗೆ ಬೇರೆ ಮನೆ ಬೇಕು. ಹೋಗು, ಮುಖ ತೊಳ್ಕೋ. ನಾನು ನೋಡ್ತೀನಿ."

ಗಿಲೆನ್ ಹೋದ ಮೇಲೆ ನಾನು ಹೊರಗೆ ತೆವಳಿ ಬಂದೆ.

"ಅದು ನಿನ್ನ ಮನೆ ಆಗ್ಬೇಕಿತ್ತಲ್ಲೇ" ಎಂದೆ.

"ಸಕ್ಕರೆ ಹಾಕ್ತಾನೆ ರೊಸೇರ್. ಸಕ್ಕರೆ ಹಾಕೋ ಮನೆ ಖಾಲಿ ಆಗಲ್ಲ. ನಾನೇ ತಪ್ಪು ಎಣಿಸಿದ್ದು." ಅವಳು ಒಂದು ಬಟ್ಟೆ ಕೊಟ್ಟು ಹಣೆ ಒರೆಸಿಕೊಳ್ಳಲು ಹೇಳಿದಳು. ಆಮೇಲೆ ನನ್ನನ್ನು ಒಂದು ಥರಾ ನೋಡಿದಳು. "ನಿಮ್ಮ ನೆಲಮಾಳಿಗೇಲಿ ಹಳೇ ಬಟ್ಟೆ ಒಗೆಯೋ ತೊಟ್ಟಿ ಒಂದಿದೆಯಲ್ಲ?"

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಮೀನು ಸಾಗಿಸುವ ತನಕ. ಆ ಸಂಜೆಯೇ ಫೆರ್ನಾನ್ ಹನ್ನೆರಡು ಬಕೆಟ್ಟುಗಳಲ್ಲಿ ನಾನೂರು ಮೀನುಗಳನ್ನು ನಮ್ಮ ನೆಲಮಾಳಿಗೆಗೆ ಹೊತ್ತು ತಂದ. ಆ ವರ್ಷ ಫ್ಲೂರೆಟ್ ಮನೆ ಕೊಡಿಸಿದ್ದು ಆ ಮೀನುಗಳಿಗೆ ಮಾತ್ರ. ನಾನು ಬಾಡಿಗೆ ಕೇಳಲಿಲ್ಲ. ಮುಗೆಟ್ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಏಪ್ರಿಲ್ ಬಂತು. ಈಗ ಫ್ಲೂರೆಟ್ ನಿಜವಾಗಿಯೂ ಹುಡುಕಲು ಹೊರಟಳು. ನಾನೂ ಜೊತೆಗೆ ಹೋಗುತ್ತಿದ್ದೆ. ನಡೆದು ಅಭ್ಯಾಸವಾದ ಕಾಲು, ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಡೆ ಅಡುಗೆಮನೆಯ ಒಲೆಯ ಪಕ್ಕದಲ್ಲೇ ಸ್ನಾನಕ್ಕೆ ಜಾಗ. ಮಾಲೀಕ ಅದನ್ನು ಅನುಕೂಲ ಎಂದ. "ಹೌದು, ಸಾರು ಕುದಿಯೋದ್ರೊಳಗೆ ಮೈ ತೊಳ್ಕೋಬಹುದು" ಎಂದಳು ಫ್ಲೂರೆಟ್. ಇನ್ನೊಂದು ಕಡೆ ನಲವತ್ತು ಜನರ ಸಾಲು. ಒಳಗೆ ಹೋದರೆ ಮಾಲೀಕಳು ನೌಕರಿಗೆ ಕೇಳುವಂತೆ ಪ್ರಶ್ನೆ ಕೇಳಿದಳು. ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದಳು. "ಇಲ್ಲೇ ಅಲ್ವೇನಮ್ಮ, ಅದಕ್ಕೇ ತಾನೆ ಬಾಡಿಗೆ ಕೇಳ್ತಿರೋದು" ಎಂದಳು ಫ್ಲೂರೆಟ್. ಮನೆ ಸಿಗಲಿಲ್ಲ. ಎಲ್ಲ ಕಡೆಯೂ ತನ್ನ ನಿಯಮದಂತೆ ತನ್ನ ದೋಷವನ್ನು ಹೇಳಿಕೊಳ್ಳಬೇಕಾಗಿತ್ತು. ಹೇಳುತ್ತಿರಲಿಲ್ಲ. ನಾನು ನೆನಪಿಸಿದರೆ, "ನಂಗೇನು ದೋಷ ಇದೆ?" ಎನ್ನುತ್ತಿದ್ದಳು.

ಇತ್ತ ಒವೀಲಾನ ಮಗ ಯಾನಿಕ್‌ನ ಹೆಸರನ್ನೇ ಅವಳು ಎತ್ತುತ್ತಿರಲಿಲ್ಲ. 'ಆ ಹುಡುಗ' ಎನ್ನುತ್ತಿದ್ದಳು. ಮೇ ತಿಂಗಳಲ್ಲಿ ಆ ಹುಡುಗ ತನ್ನ ಫ್ರಿಜ್ ಹಿಡಿಸುತ್ತದೆಯೇ ಎಂದು ಅಳತೆ ಮಾಡಲು ಬಂದಾಗ ನಾನು ಅಲ್ಲೇ ಇದ್ದೆ. ಎತ್ತರದ ಮನುಷ್ಯ, ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಫ್ಲೂರೆಟ್ ಅಮ್ಮ, ಮನೆ ವಿಷ್ಯ ಒಂದು ಮಾತು—"

ಫ್ಲೂರೆಟ್ ರೇಡಿಯೋ ಜೋರು ಮಾಡಿದಳು.

ಜೂನಿನಲ್ಲಿ ಇನ್ನೊಮ್ಮೆ, ದಾರಿಯಲ್ಲಿ ಒಂದು ಬುಟ್ಟಿ ಸ್ಟ್ರಾಬೆರಿ ಹಿಡಿದುಕೊಂಡು ಎದುರಾದ. ಅವಳು ರಸ್ತೆ ದಾಟಿ ಆ ಬದಿಗೆ ಹೋದಳು. "ಪಾಪ, ಏನೋ ಹೇಳೋಕೆ ಬರ್ತಾನೆ, ಕೇಳಬಾರದಾ?" ಎಂದರೆ, "ಕ್ಷಮೆ ಕೇಳೋಕೆ ಬರ್ತಾನೆ. ಅವನ ಕ್ಷಮೆ ಇಟ್ಕೊಂಡು ಅದರಲ್ಲಿ ಮಲಗಲಾ ನಾನು?" ಎಂದಳು. ನನಗೂ ಸರಿ ಎನ್ನಿಸಿತು. ಸಿಟ್ಟಿನವರ ಜೊತೆ ಓಡಾಡಿದರೆ ನಮಗೂ ಸಿಟ್ಟೇ ನ್ಯಾಯ ಎನ್ನಿಸತೊಡಗುತ್ತದೆ.

ಜೂನ್ ಕೊನೆಗೆ ಅವಳು ಸೋತಳು. ಶಾವಿನಿಗನ್ ಊರಿನಲ್ಲಿರುವ ಅಕ್ಕನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿ ಮೂರು ಬೆಕ್ಕು, ದಿನಕ್ಕೆರಡು ಸಲ ರೇಡಿಯೋದ ಜೊತೆ ಜಪ, ಕಿಟಕಿ ತೆಗೆದರೆ ಮರ. "ಮರಕ್ಕೇನು ಬೇರೆ ಆಗೋದು ಗೊತ್ತಾ, ಮನೆ ಬಿಡೋದು ಗೊತ್ತಾ" ಎಂದಳು ಫ್ಲೂರೆಟ್. ನಗಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಾನಿಯಲ್ಲಿ ಬಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅವಳಿಲ್ಲದ ಬೀದಿ ನನಗೆ ಬೇಡವಾಗಿತ್ತು. ಇದನ್ನು ಮುಗೆಟ್‌ಗೂ ಹೇಳಿದ್ದೆ, ಅವಳೂ ಪರದೆ ಸರಿಸಿ ನಿಂತು ಕಣ್ಣೊರೆಸಿಕೊಂಡಿದ್ದಳು.

ಜುಲೈ ಒಂದು. ಬೆಳಿಗ್ಗೆ ಎಂಟಕ್ಕೇ ಬೆವರು ಕಿತ್ತುಬರುತ್ತಿತ್ತು. ಬೀದಿಯ ತುಂಬ ಲಾರಿಗಳು, ಕಾಲುದಾರಿಯ ತುಂಬ ಮಂಚ, ಹಾಸಿಗೆ, ನಿಲುವು ದೀಪ. ಫ್ಲೂರೆಟ್‌ಳ ಸಾಮಾನುಗಳನ್ನು ನಾನೂ ಫೆರ್ನಾನೂ ಇಳಿಸಿ ಕಾಲುದಾರಿಯಲ್ಲಿ ಒಟ್ಟಿದೆವು. ಫ್ರಿಜ್ಜನ್ನು ಫೆರ್ನಾನ್ ಒಬ್ಬನೇ ಬೆನ್ನ ಮೇಲೆ ಇಳಿಸಿದ. ಮೀನಿನ ಋಣ. ಶಾವಿನಿಗನ್‌ನಿಂದ ಅವಳ ಅಕ್ಕನ ಮಗ ವ್ಯಾನು ತರಬೇಕಿತ್ತು. ಹತ್ತಾದರೂ ಸುದ್ದಿಯಿಲ್ಲ.

ಆ ದಿನ ಕಾಲುದಾರಿಯಲ್ಲಿ ಒಂಟಿಯಾಗಿ ಬಿದ್ದ ಸಾಮಾನು ಬಿಟ್ಟುಹೋದದ್ದೆಂದೇ ಅರ್ಥ, ಬೇಕಾದವರು ಎತ್ತಿಕೊಂಡು ಹೋಗಬಹುದು. ನಾವು ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಫ್ಲೂರೆಟ್‌ಳ ತೂಗುಕುರ್ಚಿ ಇಬ್ಬರು ವಿದ್ಯಾರ್ಥಿಗಳ ತಲೆಯ ಮೇಲೆ ಮೂಲೆ ತಿರುಗುತ್ತಿತ್ತು. ನಾನು ಓಡಿದೆ. ನಾಯಿಗಳಿಂದ ತಪ್ಪಿಸಿಕೊಂಡು ಓಡಿದ್ದು ಬಿಟ್ಟರೆ ಅಷ್ಟು ಜೋರಾಗಿ ಯಾವತ್ತೂ ಓಡಿರಲಿಲ್ಲ. ಕುರ್ಚಿ ಹೊತ್ತುಕೊಂಡು ವಾಪಸು ಬಂದಾಗ ಫ್ಲೂರೆಟ್ ಹಾಸಿಗೆಯ ಮೇಲೆ ಕುಳಿತು, "ಇದು ನಂದು, ಇದು ನಂದು" ಎಂದು ಹೋಗುವವರಿಗೆಲ್ಲ ಹೇಳುತ್ತಿದ್ದಳು.

ಅಷ್ಟರಲ್ಲಿ ಯಾನಿಕ್‌ನ ಲಾರಿ ಬಂತು. ಫ್ಲೂರೆಟ್ ಬೆನ್ನು ತಿರುಗಿಸಿ ಕುಳಿತಳು. ಅವನು ತಲೆ ತಗ್ಗಿಸಿಕೊಂಡು ಸಾಮಾನು ಮೇಲಕ್ಕೆ ಸಾಗಿಸತೊಡಗಿದ. ಅವನ ಹುಡುಗಿ ತುಂಬು ಬಸುರಿ, ಲಾರಿಯ ಮೆಟ್ಟಿಲ ಮೇಲೆ ಕುಳಿತು ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಸಿಟ್ಟಿದ್ದರೂ ಬಸುರಿಗೆ ನೀರು ಕೊಡದಿರಲಾಗುತ್ತದೆಯೇ? ಕೊಟ್ಟೆ. ಏನಾದರೂ ಮಾತಾಡಬೇಕಲ್ಲ ಎಂದು ಸುಮ್ಮನೆ ಕೇಳಿದೆ.

"ಎಲ್ಲಿಂದ ಬಂದ್ರಮ್ಮ?"

"ಹಿಂದಿನ ಬೀದಿಯಿಂದ. ಪೊಮೆರ್ಲೋ ಅಜ್ಜಿ ಇದಾರಲ್ಲ, ಅವರ ಕೆಳಗಿನ ಮನೆ. ಮೂರೂವರೆ."

ನಾನು ಲೋಟ ಹಿಡಿದುಕೊಂಡು ಹಾಗೇ ನಿಂತೆ.

"ಆ ಮನೆಗೆ ಯಾರು ಬಂದ್ರು?"

"ಯಾರೂ ಇಲ್ಲ. ಅಜ್ಜಿ ಫಲಕ ಹಾಕಲ್ಲ ಅಂತಾರೆ. ಫ್ಲೂರೆಟ್ ಯಾರನ್ನಾದ್ರೂ ಕರ್ಕೊಂಡು ಬರ್ತಾಳೆ, ಯಾವಾಗಲೂ ಬರ್ತಾಳೆ ಅಂತ ಕೂತಿದ್ದಾರೆ." ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಾಲ್ಕು ವರ್ಷದ ಹಿಂದೆ ನಂಗೆ ಆ ಮನೆ ಕೊಡ್ಸಿದ್ದೇ ಅವರು. ನಾನು ಹೇಗೆ ಅವರ ಮುಂದೆ ಬರ್ಲಿ? ಯಾನಿಕ್ ಎರಡು ಸಲ ಹೇಳೋಕೆ ಹೋದ. ಒಂದ್ಸಲ ರೇಡಿಯೋ ಜೋರು ಮಾಡಿದ್ರು. ಒಂದ್ಸಲ ರಸ್ತೆ ದಾಟಿ ಹೋದ್ರು."

ನಾನು ಫ್ಲೂರೆಟ್‌ಳ ಹತ್ತಿರ ಹೋಗಿ ತೂಗುಕುರ್ಚಿಯಲ್ಲಿ ಕುಳಿತೆ. ನಿಂತುಕೊಂಡು ಹೇಳುವ ವಿಷಯವಾಗಿರಲಿಲ್ಲ.

"ಫ್ಲೂರೆಟ್, ಬೀದಿಗೆ ಹೊಸಬರು ಬಂದ್ರೆ ನೀನು ಮೊದಲು ಏನು ಕೇಳ್ತೀಯ?"

"ಎಲ್ಲಿಂದ ಬಂದ್ರಿ ಅಂತ. ಯಾಕೆ?"

"ಕೇಳಿದ್ಯಾ?"

ಅವಳು ನನ್ನ ಮುಖ ನೋಡಿದಳು. ಮೂವತ್ತೊಂದು ವರ್ಷ ಓದಿದ ಮುಖ. ಆಮೇಲೆ ನಿಧಾನವಾಗಿ ತಿರುಗಿ ಲಾರಿಯ ಮೆಟ್ಟಿಲ ಮೇಲಿದ್ದ ಹುಡುಗಿಯನ್ನು ನೋಡಿದಳು. ಆರು ತಿಂಗಳಲ್ಲಿ ಅದೇ ಮೊದಲು.

"ಅಯ್ಯೋ, ಅದು ನಮ್ಮ ಜೊಸಿಯಾನ್ ಅಲ್ವಾ" ಎಂದಳು. "ಪೊಮೆರ್ಲೋ ಮನೆ ಹುಡುಗಿ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆವು. ನಾನೂ ಅವಳ ಜೊತೆಗೆ ಅಲೆದವನೇ, ನಾನೂ ಕೇಳಿರಲಿಲ್ಲ. ಕೊನೆಗೆ ಅವಳು ಎದ್ದು ಲಂಗ ಕೊಡವಿಕೊಂಡು ಯಾನಿಕ್‌ನ ಹತ್ತಿರ ಹೋದಳು. ಅವನು ತೊಟ್ಟಿಲೊಂದನ್ನು ಹೊತ್ತು ಮೆಟ್ಟಿಲ ಬುಡದಲ್ಲಿ ನಿಂತಿದ್ದ.

"ಲಾರಿ ಎಷ್ಟು ಹೊತ್ತಿನ ತನಕ ಇದೆ ಮಗಾ?"

"ಮಧ್ಯಾಹ್ನದ ತನಕ ಇದೆ ಅಮ್ಮ" ಎಂದ ಅವನು. ತೊಟ್ಟಿಲು ಕೆಳಗಿಟ್ಟು ಟೋಪಿ ತೆಗೆದ.

"ವಾಪಸು ಖಾಲಿ ಹೋಗೋದು ಯಾಕೆ?"

ಹೀಗೆ ಯಾನಿಕ್‌ನ ಸಾಮಾನು ತಂದ ಲಾರಿಯೇ ಫ್ಲೂರೆಟ್‌ಳ ಸಾಮಾನು ಹೇರಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮೊದಲು ಏರಿದ್ದು ಮತ್ತೆ ಆ ಫ್ರಿಜ್ಜು. ಫೆರ್ನಾನ್ ಮೀನಿನ ಋಣ ತೀರಿತು ಎಂದು ಗೊಣಗಿದ. ತೂಗುಕುರ್ಚಿಯನ್ನು ಮಾತ್ರ ನಾನು ಯಾರ ಕೈಗೂ ಕೊಡದೆ ತಲೆಯ ಮೇಲೆ ಹೊತ್ತು ನಡೆದೆ. ದಾರಿಯಲ್ಲಿ ಮೂರು ಜನ ಅದು ಬೇಕಾಗಿದೆಯೇ ಎಂದು ಕೇಳಿದರು.

ಪೊಮೆರ್ಲೋ ಅಜ್ಜಿಯ ಬಾಗಿಲಲ್ಲಿ ಫ್ಲೂರೆಟ್ ಮೂರು ಸಲ ಗಂಟೆ ಒತ್ತಿದಳು. ಮುದುಕಿ ಸರಪಳಿ ತೆಗೆಯದೆ ಬಾಗಿಲ ಸಂದಿಯಲ್ಲಿ ಇಣುಕಿದಳು.

"ಈಗ ಬಂದ್ಯಾ? ಏಪ್ರಿಲ್‌ನಿಂದ ಕಾಯ್ತಿದ್ದೀನಿ. ಯಾರನ್ನ ಕರ್ಕೊಂಡು ಬಂದಿದ್ದೀಯ?"

"ನನ್ನನ್ನೇ."

ಮುದುಕಿಗೆ ಕೇಳಿಸಲಿಲ್ಲ ಎಂದುಕೊಂಡು ಫ್ಲೂರೆಟ್ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಮುದುಕಿಗೆ ಮೊದಲ ಸಲವೇ ಕೇಳಿಸಿತ್ತು. ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಹಿಂದೆ ಕುರ್ಚಿ ಹೊತ್ತು ನಿಂತಿದ್ದ ನನ್ನನ್ನು ನೋಡಿದಳು, ಲಾರಿ ನೋಡಿದಳು. ಆದರೂ ಕ್ರಮ ಬಿಡಲಿಲ್ಲ.

"ಎಷ್ಟು ಜನ?"

"ಒಬ್ಬಳು."

"ಬಾಡಿಗೆ ಸರಿಯಾಗಿ ಕೊಡ್ತಾಳಾ?"

"ಇಪ್ಪತ್ತೆರಡು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ."

"ದೋಷ?"

ಫ್ಲೂರೆಟ್ ಕತ್ತಿನ ಬೆವರು ಒರೆಸಿಕೊಂಡಳು.

"ಸಿಟ್ಟು ಜಾಸ್ತಿ" ಎಂದಳು. "ಸಿಟ್ಟು ಬಂದ್ರೆ ಎದುರಿಗಿರೋರ ಮುಖ ನೋಡಲ್ಲ. ಅದರಿಂದ ಅವಳಿಗೇ ನಷ್ಟ, ಬೇರೆಯವರಿಗೇನಿಲ್ಲ."

ಪೊಮೆರ್ಲೋ ಅಜ್ಜಿ ಸರಪಳಿ ತೆಗೆದಳು.

"ತುತ್ತೂರಿ ಊದ್ತಾಳಾ?"

"ಇಲ್ಲ."

"ಹಾಗಾದ್ರೆ ಬಾ ಒಳಗೆ. ಟೊಮೆಟೊ ಗಿಡ ತುಳೀಬೇಡ."